ಹುಳುವಿನ ಒಳಗಿನ ಬ್ಯಾಕ್ಟೀರಿಯಾಕ್ಕೆ ಗುರಿಯಿಡಬೇಕೆ?

ದಾಸ್ತಾನು ಧಾನ್ಯವನ್ನು ಹಾಳುಮಾಡುವ ಹಲವು ಹುಳುಗಳ ದೇಹದೊಳಗೆ ಸಹಜೀವಿ ಬ್ಯಾಕ್ಟೀರಿಯಾ ನೆಲೆಸಿರುತ್ತವೆ. ಅವಿಲ್ಲದೆ ಹುಳು ಸೊರಗುತ್ತದೆ. ಹಾಗಾದರೆ ಹುಳುವಿಗೆ ವಿಷವಿಡುವ ಬದಲು ಆ ಬ್ಯಾಕ್ಟೀರಿಯಾವನ್ನೇ ಹೊಡೆಯುವ ದಾರಿ ಮಲೆನಾಡಿನ ಪಣತಕ್ಕೂ (ಭತ್ತ ತುಂಬಿಡುವ ಕಣಜ) ಉಗ್ರಾಣಕ್ಕೂ ಒದಗೀತೇ? ಎರಡು ಬರಹಗಳು ಇಲ್ಲಿವೆ.

ಪರ: ಕವಚ ಕಳಚಿದರೆ ಅರ್ಧ ಕೆಲಸ ಮುಗಿಯಿತು

ಅಕ್ಕಿಯಲ್ಲೇ ಹುಟ್ಟಿ ಅಕ್ಕಿಯನ್ನೇ ತಿಂದು ಬೆಳೆಯುವ ಮೂತಿಹುಳುವಿಗೆ ಬರೀ ಅಕ್ಕಿ ಸಾಲುವುದಿಲ್ಲ. ಕಾಳಿನಲ್ಲಿ ಪಿಷ್ಟ ಬೇಕಾದಷ್ಟಿದೆ. ಮೈಯ ಗಟ್ಟಿ ಕವಚ ಕಟ್ಟಲು ಬೇಕಾದ ಟೈರೊಸಿನ್, ಫಿನೈಲ್‌ಅಲನಿನ್ ಎಂಬ ಅಮೈನೊ ಆಮ್ಲಗಳು, ಕೆಲವು ಬಿ ವಿಟಮಿನ್‌ಗಳು ಮಾತ್ರ ಅದಕ್ಕೆ ಸಾಕಾಗುವಷ್ಟು ಸಿಗುವುದಿಲ್ಲ. ಈ ಕೊರತೆಯನ್ನು ತುಂಬಿಕೊಡುವುದು ಸೊಡಾಲಿಸ್ ಪಿಯೆರಾಂತೊನಿಯಸ್ ಎಂಬ ಬ್ಯಾಕ್ಟೀರಿಯಾ. ಮರಿಹುಳುವಿನ ಕರುಳಿಗೆ ಅಂಟಿಕೊಂಡು ಇದಕ್ಕೆಂದೇ ಒಂದು ಅಂಗವಿದೆ. ತಾಯಿಯ ಅಂಡಾಶಯದಿಂದ ಮೊಟ್ಟೆಗೆ, ಮೊಟ್ಟೆಯಿಂದ ಮರಿಗೆ ಬ್ಯಾಕ್ಟೀರಿಯಾ ಪಿತ್ರಾರ್ಜಿತವಾಗಿ ಇಳಿದು ಬರುತ್ತದೆ. ಇಟಲಿಯ ಪ್ರಾಣಿಶಾಸ್ತ್ರಜ್ಞ ಉಂಬೆರ್ತೊ ಪಿಯೆರಾಂತೊನಿ 1927ರಲ್ಲೇ ಈ ಅಂಗದ ಬಗ್ಗೆ ಬರೆದಿದ್ದರು. ಬ್ಯಾಕ್ಟೀರಿಯಾಕ್ಕೆ ಈಗ ಅವರದೇ ಹೆಸರು.

ಈ ನಂಟಿನಲ್ಲಿ ಪ್ರೀತಿಗಿಂತ ಲೆಕ್ಕಾಚಾರ ಹೆಚ್ಚು. ಫ್ರಾನ್ಸಿನ ಲಿಯಾನ್‌ನ ಸಂಶೋಧಕರು 2011ರಲ್ಲಿ ತೋರಿಸಿದಂತೆ, ಹುಳು ಒಂದು ಬಗೆಯ ಪ್ರತಿಜೀವಕ ಪ್ರೋಟೀನನ್ನು ಸದಾ ಸ್ರವಿಸಿ ಬ್ಯಾಕ್ಟೀರಿಯಾವನ್ನು ಆ ಅಂಗದಿಂದ ಆಚೆ ಹೋಗದಂತೆ ಕಟ್ಟಿಹಾಕಿರುತ್ತದೆ. ಆ ಪ್ರೋಟೀನ್ ತಯಾರಾಗದಂತೆ ತಡೆದರೆ ಬ್ಯಾಕ್ಟೀರಿಯಾ ಮೈಯೆಲ್ಲ ಹರಡುತ್ತದೆ. ಪ್ರೌಢ ಹುಳುವಿನ ಕವಚ ಗಟ್ಟಿಯಾದ ಮೇಲಂತೂ ಕರುಳಿನ ಸುತ್ತಲಿನ ಬ್ಯಾಕ್ಟೀರಿಯಾವನ್ನು ಹುಳುವೇ ಕರಗಿಸಿ ಮುಗಿಸುತ್ತದೆ. ಹೆಣ್ಣಿನ ಅಂಡಾಶಯದಲ್ಲಿರುವುದನ್ನು ಮಾತ್ರ ಮುಂದಿನ ಪೀಳಿಗೆಗೆಂದು ಉಳಿಸಿಕೊಳ್ಳುತ್ತದೆ.

ಬ್ಯಾಕ್ಟೀರಿಯಾ ಇಲ್ಲದ ಮೂತಿಹುಳುವನ್ನು ಪ್ರಯೋಗಾಲಯದಲ್ಲಿ ಬಹಳ ಹಿಂದೆಯೇ ತಯಾರಿಸಲಾಗಿದೆ. 35 ಡಿಗ್ರಿ ಸೆಲ್ಸಿಯಸ್ ಶಾಖ, ಹೆಚ್ಚು ತೇವ, ಕೆಲವು ವಾರಗಳ ಕಾಲ: ಅಷ್ಟರಲ್ಲಿ ಬ್ಯಾಕ್ಟೀರಿಯಾ ಸಾಯುತ್ತದೆ, ಹುಳು ಉಳಿಯುತ್ತದೆ. ಆದರೆ ಹೇಗೆ ಉಳಿಯುತ್ತದೆ ನೋಡಿ. ಬೆಳವಣಿಗೆ ನಿಧಾನ, ಸಂತಾನ ಕಡಿಮೆ, ಹಾರಲಾರದು. ಒಂದು ಉಗ್ರಾಣದಿಂದ ಇನ್ನೊಂದಕ್ಕೆ ಹಾರಿ ಹೋಗುವುದೇ ನಿಂತರೆ ಹಾವಳಿಯ ಅರ್ಧ ಬಲ ಅಲ್ಲೇ ಕುಂದಿತು.

ನನ್ನ ವಾದಕ್ಕೆ ಇನ್ನೂ ಗಟ್ಟಿ ಆಧಾರ ಒರೈಜೀಫಿಲಸ್ ಎಂಬ ಚಪ್ಪಟೆ ಕಂದು ಹುಳು, ಎದೆಯ ಅಂಚಿನಲ್ಲಿ ಗರಗಸದ ಹಲ್ಲಿರುವಂಥದ್ದು. ಅದರೊಳಗಿರುವುದು ಬೇರೆಯೇ ಬ್ಯಾಕ್ಟೀರಿಯಾ. ಅದನ್ನು ಕಳೆದುಕೊಂಡ ಹುಳುವಿನ ಕವಚ ತೆಳುವಾಗುತ್ತದೆ, ಮೈಯ ನೀರು ಬೇಗ ಆರುತ್ತದೆ ಎಂದು 2018ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. 2021ರಲ್ಲಿ ಮತ್ತೊಂದು ಸಂಗತಿ ಹೊರಬಿತ್ತು. ಈ ಬ್ಯಾಕ್ಟೀರಿಯಾ ಶಿಕಿಮೇಟ್ ಎಂಬ ರಾಸಾಯನಿಕ ಸರಣಿಯ ಮೂಲಕ ಟೈರೊಸಿನ್‌ನ ಕಚ್ಚಾವಸ್ತುವನ್ನು ತಯಾರಿಸುತ್ತದೆ. ಈ ಸರಣಿ ಸಸ್ಯಗಳಲ್ಲಿದೆ, ಬ್ಯಾಕ್ಟೀರಿಯಾಗಳಲ್ಲಿದೆ, ಪ್ರಾಣಿಗಳಲ್ಲಿ ಇಲ್ಲ. ಕಳೆನಾಶಕ ಗ್ಲೈಫೋಸೇಟ್ ತಡೆಯುವುದು ಇದನ್ನೇ. ಗ್ಲೈಫೋಸೇಟ್ ಬೆರೆತ ಆಹಾರ ಕೊಟ್ಟಾಗ ಹುಳುವಿನ ಸಹಜೀವಿ ಕ್ಷೀಣಿಸಿತು, ಕವಚ ಸರಿಯಾಗಿ ಕಟ್ಟಲಿಲ್ಲ. ಅಕ್ಕಿಗೆ ಗ್ಲೈಫೋಸೇಟ್ ಬೆರೆಸಿ ಎಂದು ನಾನು ಹೇಳುತ್ತಿಲ್ಲ, ದೇವರಾಣೆ. ಹುಳುವಿನ ಬದುಕಿನಲ್ಲಿ ನಮಗಿಲ್ಲದ, ಅದಕ್ಕೆ ಅನಿವಾರ್ಯವಾದ ಒಂದು ಸಡಿಲ ಕೊಂಡಿ ಇದೆ ಎಂಬುದಕ್ಕೆ ಅದು ಸಾಕ್ಷಿ. ಆ ಕೊಂಡಿಗೆ ತಕ್ಕ, ತಿನ್ನುವವರಿಗೆ ಕೇಡಿಲ್ಲದ ವಸ್ತುವನ್ನು ಹುಡುಕುವುದು ಸಂಶೋಧನೆಯ ಕೆಲಸ.

ಈಗ ನಮ್ಮ ಕೈಯಲ್ಲಿರುವುದು ಏನು? ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆ. 3 ಗ್ರಾಂ ತೂಕದ ಒಂದು ಮಾತ್ರೆಯಿಂದ 1 ಗ್ರಾಂ ಫಾಸ್ಫೀನ್ ಅನಿಲ ಬರುತ್ತದೆ. ಜನ ಮಲಗುವ ಮನೆಯೊಳಗೆ ಅದನ್ನು ಬಳಸುವುದು ಸಾವನ್ನು ಕರೆದು ಕೂರಿಸಿದಂತೆಯೇ. ಇತ್ತ ಕಾಳು ಕೊರೆಯುವ ರೈಜೊಪರ್ತಾದಂಥ ಹುಳುಗಳು ಫಾಸ್ಫೀನಿಗೆ ಬಗ್ಗದಷ್ಟು ಪಳಗಿವೆ. ಭಾರತವೂ ಸೇರಿ ಹಲವು ದೇಶಗಳಲ್ಲಿ ಇದು ದಾಖಲಾಗಿದೆ. ಆ ರೈಜೊಪರ್ತಾದೊಳಗೂ ಸಹಜೀವಿಗಳಿವೆ. ನಮ್ಮ ಬಿದಿರಿನ ಮೊರ, ಕುಕ್ಕೆಗಳನ್ನು ಪುಡಿಮಾಡುವ ಹುಳು ಇದರದೇ ದಾಯಾದಿ.

ಕೀಟದೊಳಗಿನ ಬ್ಯಾಕ್ಟೀರಿಯಾವನ್ನು ಮನುಷ್ಯ ಬಳಸಿಕೊಂಡ ಉದಾಹರಣೆ ಈಗಾಗಲೇ ಇದೆ. ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ವೋಲ್ಬಾಕಿಯಾ ಬ್ಯಾಕ್ಟೀರಿಯಾ ಸೇರಿಸಿದ ಸೊಳ್ಳೆಗಳನ್ನು ಬಿಟ್ಟ ಪ್ರದೇಶಗಳಲ್ಲಿ ಡೆಂಗಿ ಶೇ. 77ರಷ್ಟು ಇಳಿಯಿತೆಂದು 2021ರಲ್ಲಿ ಪ್ರಕಟವಾಯಿತು. ಅಲ್ಲಿ ಬ್ಯಾಕ್ಟೀರಿಯಾವನ್ನು ಸೇರಿಸಿದರು, ಇಲ್ಲಿ ತೆಗೆಯಬೇಕು. ಕವಚ ತೆಳುವಾದ ಹುಳುವಿನ ಮೇಲೆ ಅಜ್ಜಿಯ ಕಾಲದ ಬೂದಿಯೂ ಬಿಸಿಲೂ ಹೆಚ್ಚು ಕೆಲಸ ಮಾಡುತ್ತವೆ, ಏಕೆಂದರೆ ಎರಡೂ ಹುಳುವನ್ನು ಒಣಗಿಸಿಯೇ ಕೊಲ್ಲಲು ನೆರವಾಗುವಂಥವು. ಸಾಗರ ತಾಲ್ಲೂಕಿನ ಇರುವಕ್ಕಿಯಲ್ಲೇ ಕೃಷಿ ವಿಶ್ವವಿದ್ಯಾಲಯವಿದೆ. ಈ ಪ್ರಶ್ನೆಯನ್ನು ಮಲೆನಾಡಿನ ಹುಳುಗಳ ಮೇಲೆ, ಮಲೆನಾಡಿನಲ್ಲೇ ಪರೀಕ್ಷಿಸಲು ಇನ್ನೆಲ್ಲಿಗೆ ಹೋಗಬೇಕು?

ವಿರೋಧ: ಆಷಾಢದಲ್ಲಿ ಯಾವ ಹುಳು ಒಣಗಿ ಸಾಯುತ್ತದೆ?

ಪರವಾಗಿ ಬರೆದವರ ವಿಜ್ಞಾನದ ಬಗ್ಗೆ ನನಗೆ ತಕರಾರಿಲ್ಲ. ಓದಿ ಖುಷಿಯೂ ಆಯಿತು. ಆದರೆ ಅವರ ವಾದ ನಿಂತಿರುವುದೆಲ್ಲ ಒಂದೇ ಮಾತಿನ ಮೇಲೆ: ಕವಚ ತೆಳುವಾದರೆ ಹುಳು ಒಣಗುತ್ತದೆ. ಒಣಗಲು ಗಾಳಿ ಒಣಗಿರಬೇಕಲ್ಲ? ಅವರು ಹೆಸರಿಸಿದ 2018ರ ಅಧ್ಯಯನದಲ್ಲೇ ಬ್ಯಾಕ್ಟೀರಿಯಾ ಇಲ್ಲದ ಹುಳುಗಳು ಹೆಚ್ಚು ಸೋತದ್ದು ಶುಷ್ಕ ವಾತಾವರಣದಲ್ಲಿ. ಬ್ಯಾಕ್ಟೀರಿಯಾ ಅದಕ್ಕೆ ಕೊಡುವ ವರವೇ ಒಣಹವೆಯನ್ನು ತಾಳುವ ಶಕ್ತಿ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಹೆಚ್ಚು ಮಳೆ. ತೀರ್ಥಹಳ್ಳಿ, ಹೊಸನಗರದ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಪಂಚೆ ಒಲೆಯ ಮೇಲಿನ ಹಗ್ಗದಲ್ಲಿ ಎರಡು ದಿನ ತೂಗಿದರೂ ಹಸಿಯಾಗಿಯೇ ಇರುತ್ತದೆ. ಉಪ್ಪು ನೀರಾಗುತ್ತದೆ, ಹಪ್ಪಳ ಮೆತ್ತಗಾಗುತ್ತದೆ. ನುಸಿ ಹೆಚ್ಚುವುದೂ ಆಗಲೇ. ಅಂಥ ಹವೆಯಲ್ಲಿ ತೆಳು ಕವಚದ ಹುಳುವಿಗೆ ಆಗುವ ನಷ್ಟವೆಷ್ಟು? ಬರ ಬೀಳುವ ಊರಿನ ಉಗ್ರಾಣಕ್ಕೆ ಹೊಂದುವ ಅಸ್ತ್ರವನ್ನು ಘಟ್ಟದ ಮೇಲೆ ಹೊತ್ತು ತರುವ ಮೊದಲು ಇದನ್ನು ಕೇಳಬೇಕು.

ಶಾಖದ ಮಾತೂ ಹಾಗೆಯೇ. 35 ಡಿಗ್ರಿಯಲ್ಲಿ ವಾರಗಟ್ಟಲೆ ಇಟ್ಟು ಬ್ಯಾಕ್ಟೀರಿಯಾವನ್ನು ಕೊಲ್ಲುವುದಂತೆ. ಕಾಳು 55 ಡಿಗ್ರಿ ಮುಟ್ಟಿದರೆ ಮೊಟ್ಟೆ, ಮರಿ, ಪ್ರೌಢ ಎಲ್ಲವೂ ಬೇಗನೆ ಸಾಯುತ್ತವೆ. ದ್ವಿದಳ ಧಾನ್ಯಗಳಿಗೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಡಿ ಬಿಸಿಲು ಕಾಯಿಸುವ ವಿಧಾನ ಇದೇ ತತ್ತ್ವದ್ದು. ಮಾರ್ಚ್-ಏಪ್ರಿಲ್ ಬಿಸಿಲಿಗೆ ಅದು ನಮ್ಮ ಅಂಗಳದಲ್ಲೂ ಸಾಧ್ಯ. ಕಳ್ಳನೇ ಕೈಗೆ ಸಿಕ್ಕಿರುವಾಗ ಅವನನ್ನು ಬಿಟ್ಟು ಅವನ ಅಡುಗೆಯವನನ್ನು ಹುಡುಕಿಕೊಂಡು ಹೋಗುವುದೇಕೆ?

ಇನ್ನೊಂದು ತೊಡಕನ್ನು ಅವರು ಹೇಳಿಯೂ ದಾಟಿಹೋದರು. ಪ್ರೌಢ ಮೂತಿಹುಳು ತನ್ನ ಬ್ಯಾಕ್ಟೀರಿಯಾವನ್ನು ತಾನೇ ಕರಗಿಸಿಕೊಳ್ಳುತ್ತದೆ. ಅಂದರೆ ಡಬ್ಬದ ಮುಚ್ಚಳ ತೆಗೆದಾಗ ನಮ್ಮ ಕಣ್ಣಿಗೆ ಬೀಳುವ ಹುಳುವಿಗೆ ಈ ಮದ್ದು ಏನೂ ಮಾಡದು. ಬ್ಯಾಕ್ಟೀರಿಯಾ ಬೇಕಾಗಿರುವುದು ಮರಿಗೆ. ಆ ಮರಿ ಎಲ್ಲಿದೆ? ತಾಯಿ ಕಾಳಿಗೆ ತೂತು ಕೊರೆದು, ಮೊಟ್ಟೆಯಿಟ್ಟು, ಅಂಟಿನಿಂದ ಮುಚ್ಚಿಬಿಡುತ್ತಾಳೆ. ಮರಿಯ ಇಡೀ ಬಾಳು ಆ ಕಾಳಿನೊಳಗೇ. ಅಲ್ಲಿಗೆ ಮದ್ದು ತಲುಪಬೇಕಾದರೆ ಕಾಳಿನೊಳಕ್ಕೇ ಇಳಿಯಬೇಕು. ಕಾಳಿನೊಳಕ್ಕೆ ಇಳಿದದ್ದು ಅನ್ನದೊಳಕ್ಕೆ ಬಾರದೇ? ಪ್ರತಿಜೀವಕವಾದರೆ ಅದು ಔಷಧಕ್ಕೆ ಬಗ್ಗದ ರೋಗಾಣುಗಳಿಗೆ ನಾವೇ ಅನ್ನವಿಟ್ಟ ಹಾಗೆ. ಗ್ಲೈಫೋಸೇಟ್ ಆದರೆ, ಅದನ್ನು ಪರವಾನಗಿ ಪಡೆದ ಕೀಟ ನಿಯಂತ್ರಕರ ಮೂಲಕವೇ ಬಳಸಬೇಕೆಂದು ಕೇಂದ್ರ ಸರ್ಕಾರ 2022ರಲ್ಲಿ ಅಧಿಸೂಚನೆ ಹೊರಡಿಸಿದ್ದು ನೆನಪಿರಲಿ. ಅದೂ ತೋಟದ ಕಳೆಗೆ. ಶಿಕಿಮೇಟ್ ಸರಣಿ ನಮ್ಮ ಜೀವಕೋಶದಲ್ಲಿಲ್ಲ, ನಿಜ. ನಮ್ಮ ಕರುಳಿನ ಬ್ಯಾಕ್ಟೀರಿಯಾಗಳಲ್ಲಿ ಹಲವಕ್ಕೆ ಅದು ಇದೆ. ಹುಳುವಿನ ಸಹಜೀವಿಯನ್ನು ಹುಡುಕುವವರು ತಮ್ಮ ಹೊಟ್ಟೆಯ ಸಹಜೀವಿಗಳನ್ನು ಮರೆಯಬಾರದು.

ಹುಳುಗಳು ಒಂದೇ ಜಾತಿಯವಾಗಿದ್ದರೆ ಮಾತು ಬೇರೆಯಿತ್ತು. ಹಿಟ್ಟಿನ ಕೆಂಪು ಹುಳು ಟ್ರೈಬೋಲಿಯಂಗೆ ಇಂಥ ಪೋಷಕ ಬ್ಯಾಕ್ಟೀರಿಯಾದ ಹಂಗಿಲ್ಲ. ಸೊರಬ, ಶಿಕಾರಿಪುರದ ಕಡೆ ಬೆಳೆದ ಶುಂಠಿ ಒಣಗಿಸಿ ಮೂಟೆ ಕಟ್ಟಿದರೆ ಬರುವ ಲ್ಯಾಸಿಯೋಡರ್ಮಾ ಹುಳುವಿನೊಳಗೆ ಇರುವುದು ಬ್ಯಾಕ್ಟೀರಿಯಾ ಅಲ್ಲ, ಯೀಸ್ಟಿನಂಥ ಶಿಲೀಂಧ್ರ. ಗಿಡದ ವಿಷಗಳನ್ನು ಜೀರ್ಣಿಸಿಕೊಳ್ಳಲು ಅದು ಹುಳುವಿಗೆ ನೆರವಾಗುತ್ತದೆ. ಮೂಟೆಗೊಂದು, ಹುಳುವಿಗೊಂದು, ಹುಳುವಿನೊಳಗಿನದ್ದಕ್ಕೊಂದು ಮದ್ದು ತರುತ್ತ ಹೋದರೆ ಅಂಗಡಿಯವನಿಗೆ ಲಾಭ.

ಮಲೆನಾಡಿಗೆ ತನ್ನದೇ ಉಪಾಯವಿತ್ತು. ಭತ್ತವನ್ನು ಭತ್ತವಾಗಿಯೇ ಪಣತದಲ್ಲಿ ಇಟ್ಟು ಬೇಕಾದಷ್ಟನ್ನೇ ಅಕ್ಕಿ ಮಾಡಿಸುತ್ತಿದ್ದರು. ಸೀಳಿಲ್ಲದ ಉಮಿ ಮೂತಿಹುಳುವಿಗೆ ಸುಲಭಕ್ಕೆ ದಾರಿ ಬಿಡದು. ಲಕ್ಕಿ ಸೊಪ್ಪು, ಬೇವಿನ ಎಲೆ ನಡುವೆ ಹರಡುತ್ತಿದ್ದರು. ಅದರಿಂದ ಎಷ್ಟು ಉಪಯೋಗವೋ, ಒಲೆಯ ಹೊಗೆ ಬಡಿಯುವ ಅಟ್ಟದಿಂದ ಅದಕ್ಕಿಂತ ಹೆಚ್ಚು ಉಪಯೋಗ ಎಂದು ನನ್ನ ಅನಿಸಿಕೆ. ಈಗ ಗ್ಯಾಸ್ ಒಲೆ ಬಂದು ಹೊಗೆ ಹೋಯಿತು, ಎಷ್ಟೋ ಗದ್ದೆ ಅಡಿಕೆ ತೋಟವಾಯಿತು, ಅಕ್ಕಿ ಮೂಟೆಯಲ್ಲಿ ಬರುತ್ತದೆ. ಹಳೆಯದಕ್ಕೆ ಮರಳಿ ಎಂದು ಹೇಳುವ ಹಟ ನನಗಿಲ್ಲ. ಗಾಳಿಯಾಡದ ಪದರಗಳ ಚೀಲಗಳು ಬಂದಿವೆ. ಒಳಗಿನ ಆಮ್ಲಜನಕವನ್ನು ಹುಳುವೇ ಮುಗಿಸಿಕೊಂಡು, ಮೈಗೆ ಬೇಕಾದ ನೀರನ್ನೂ ತಯಾರಿಸಿಕೊಳ್ಳಲಾರದೆ ಸಾಯುತ್ತದೆ. ಕವಚ ದಪ್ಪವೋ ತೆಳುವೋ ಎಂಬ ವಿಚಾರಣೆಯೇ ಅಲ್ಲಿಲ್ಲ. ಹೊರಗೆ ಮಳೆ ಎಷ್ಟೇ ಸುರಿಯಲಿ, ಒಳಗಿನ ಕಾಳಿಗೆ ಥಂಡಿ ಹತ್ತುವುದೂ ಇಲ್ಲ. ಒಂದೇ ಷರತ್ತು: ತುಂಬುವಾಗ ಕಾಳಿನ ತೇವಾಂಶ ಶೇ. 12-13ರೊಳಗೆ ಇರಬೇಕು, ಇಲ್ಲದಿದ್ದರೆ ಬೂಸ್ಟು ಬರುತ್ತದೆ.

ಆದ್ದರಿಂದ ಸಂಶೋಧನೆಗೆಂದು ಕೇಳುವ ಹಣದಲ್ಲಿ ಮೊದಲ ಪಾಲು ಊರಿನ ಸಹಕಾರ ಸಂಘಕ್ಕೆ ಬರಲಿ. ತೇವಾಂಶ ಅಳೆಯುವ ಮೀಟರ್ ಒಂದು, ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಹೊಡೆದರೆ ಭತ್ತ ಒಣಗಿಸಲು ಯಂತ್ರ ಒಂದು, ಕೈಗೆಟಕುವ ಬೆಲೆಗೆ ಚೀಲಗಳು. ಎರಡು ಮಳೆಗಾಲ ಕಳೆಯಲಿ. ಆಮೇಲೂ ಉಳಿದ ಹುಳುವನ್ನು ಶೀಷೆಯಲ್ಲಿ ಹಾಕಿ ನಾನೇ ಇರುವಕ್ಕಿಗೆ ತಲುಪಿಸುತ್ತೇನೆ, ಒಳಗೆ ಏನಿದೆಯೆಂದು ಅವರು ನೋಡಲಿ.