ತರಬೇತಿಗೆ ಐದಕ್ಕೆ ನಾಲ್ಕೂವರೆ

ಹೊರವರ್ತುಲ ರಸ್ತೆಯ ಕಂಪನಿಯೊಂದರಲ್ಲಿ ದುಡಿಯುವ ನನ್ನ ತಂಗಿಯ ಮಗಳು ಮೊನ್ನೆ ವಾಟ್ಸ್‌ಆ್ಯಪ್‌ನಲ್ಲಿ ಪ್ರಮಾಣಪತ್ರವೊಂದನ್ನು ಕಳಿಸಿದಳು. ಲೈಂಗಿಕ ಕಿರುಕುಳ ತಡೆಯುವ ವಾರ್ಷಿಕ ತರಬೇತಿ ಮುಗಿಸಿದ್ದಾಳಂತೆ. ಎಷ್ಟು ಹೊತ್ತಿನದು ಎಂದು ಕೇಳಿದೆ. 'ಕ್ಯಾಬ್ ಸಿಲ್ಕ್ ಬೋರ್ಡ್ ದಾಟುವುದರೊಳಗೆ ಮುಗಿಯಿತು ಮಾವ' ಎಂದಳು. ಹಾಗಾದರೆ ಸುದೀರ್ಘ ತರಬೇತಿಯೇ ಬಿಡಿ.

ಕೊನೆಯಲ್ಲಿ ಪರೀಕ್ಷೆಯೂ ಉಂಟು. ಬೇಡವೆಂದರೂ ಸಹೋದ್ಯೋಗಿಯ ಹೆಗಲ ಮೇಲೆ ಕೈ ಹಾಕುವುದು ಸ್ನೇಹವೋ, ತಂಡಸ್ಫೂರ್ತಿಯೋ, ಕಿರುಕುಳವೋ? ತಪ್ಪು ಒತ್ತಿದರೆ ಪರದೆ ಅಕ್ಕರೆಯಿಂದ ಹೇಳುತ್ತದೆ: 'ಮತ್ತೊಮ್ಮೆ ಪ್ರಯತ್ನಿಸಿ.' ಕೆಲವು ಮ್ಯಾನೇಜರುಗಳು ಈ ಸಲಹೆಯನ್ನು ಬಹಳ ಗಂಭೀರವಾಗಿ ತೆಗೆದುಕೊಂಡಿರಬೇಕು.

ಕಳೆದ ವರ್ಷ ಸಭಾಂಗಣದಲ್ಲೇ ನಡೆದಿತ್ತಂತೆ, ಊಟ ಸಮೇತ. ಅಭಿಪ್ರಾಯ ಹಾಳೆಯಲ್ಲಿ ಬಿಸಿಬೇಳೆಬಾತಿಗೆ ಖಾರಾಬೂಂದಿ ಸಾಲದೆ ಬಂತೆಂದು ಊಟಕ್ಕೆ ಐದಕ್ಕೆ ಮೂರೂವರೆ ಅಂಕ, ತರಬೇತಿಗೆ ನಾಲ್ಕೂವರೆ. ಬೂಂದಿಯ ವಿಷಯದಲ್ಲಿ ಬೆಂಗಳೂರಿಗರು ರಾಜಿಯಾಗುವುದಿಲ್ಲ, ಆಗಲೂಬಾರದು. ಆ ದೂರಿನ ಮೇಲೆ ಮರುವಾರವೇ ಕ್ಯಾಟರಿಂಗ್‌ನವನನ್ನು ಬದಲಿಸಿದರಂತೆ. ತನಿಖೆ ಇಲ್ಲ, ಸಾಕ್ಷಿ ಇಲ್ಲ, 'ನಿಮ್ಮ ಅಪಾರ್ಥವಿರಬಹುದು' ಎಂಬ ಸಮಾಧಾನವೂ ಇಲ್ಲ.

ತರಬೇತಿಯನ್ನು ಅಳೆಯಲು ಕರ್ಕ್‌ಪ್ಯಾಟ್ರಿಕ್ ಎಂಬಾತ 1959ರಲ್ಲೇ ನಾಲ್ಕು ಮೆಟ್ಟಿಲು ಕಟ್ಟಿಕೊಟ್ಟ. ಹಿಡಿಸಿತೇ, ಕಲಿತರೇ, ನಡತೆ ಬದಲಾಯಿತೇ, ಫಲ ಸಿಕ್ಕಿತೇ? ನಮ್ಮವರು ಚಾಮುಂಡಿ ಬೆಟ್ಟದ ಮೊದಲ ಮೆಟ್ಟಿಲಿಗೆ ಅರಿಶಿನ ಕುಂಕುಮ ಹಚ್ಚಿ, ಅಲ್ಲೇ ಕಾಯಿ ಒಡೆದು ಬಸ್ ಹತ್ತಿಬಿಡುತ್ತಾರೆ. ಅಮೆರಿಕದ ಸಮಾನ ಉದ್ಯೋಗಾವಕಾಶ ಆಯೋಗದ ಕಾರ್ಯಪಡೆ 2016ರಲ್ಲಿ ಒಪ್ಪಿಕೊಂಡಿತು: ಮೂವತ್ತು ವರ್ಷ ಕೊಟ್ಟ ತರಬೇತಿಯಲ್ಲಿ ಬಹುಪಾಲು ಕಿರುಕುಳ ತಡೆಯುವ ಕೆಲಸಕ್ಕೆ ಬಂದಿಲ್ಲ, ಕಂಪನಿಯನ್ನು ಕೋರ್ಟಿನಿಂದ ಉಳಿಸುವುದರ ಮೇಲೆಯೇ ಅದಕ್ಕೆ ಹೆಚ್ಚು ಗಮನ. ಅಲ್ಲಿ ಕೆಟ್ಟುನಿಂತ ಗಾಡಿಗೆ ಇಲ್ಲಿ ಆಯುಧಪೂಜೆ.

ಕೆಲಸದ ಜಾಗದಲ್ಲಿ ಹೆಂಗಸರಿಗೆ ಲೈಂಗಿಕ ಕಿರುಕುಳ ತಡೆಯಲು ಬಂದ ನಮ್ಮ 2013ರ ಕಾಯ್ದೆಯ ವಾರ್ಷಿಕ ವರದಿಯೂ ಎಷ್ಟು ದೂರು ಬಂತು, ಎಷ್ಟು ಇತ್ಯರ್ಥವಾಯಿತು, ಎಷ್ಟು ಕಾರ್ಯಾಗಾರ ನಡೆಯಿತು ಎಂದು ಎಣಿಸುತ್ತದೆ. ಕಾರ್ಯಾಗಾರದಿಂದ ಏನಾಯಿತು ಎಂಬುದಕ್ಕೆ ಕಾಲಂ ಇಲ್ಲ. ಆದ್ದರಿಂದ ಕಾರ್ಯಾಗಾರ ಆರು, ದೂರು ಸೊನ್ನೆ ಎಂದು ಬರೆದವರೇ ಜಾಣರು. ಸೊನ್ನೆಗೆ ಚಪ್ಪಾಳೆ, ಸೊನ್ನೆಗೆ ಕೇಕು.

ಆ ಸೊನ್ನೆ ನೋಡಿದರೆ ನನಗೆ ನಗು ಬರುವುದಿಲ್ಲ. ತರಬೇತಿ ನಿಜಕ್ಕೂ ನಾಟಿದರೆ ಮೊದಲು ದೂರು ಹೆಚ್ಚಬೇಕು, ಬಾಯಿ ಬಿಡುವ ಧೈರ್ಯ ಬಂದಿರುತ್ತದೆ. 1992ರಲ್ಲಿ ರಾಜಸ್ಥಾನದ ಭಂವರಿ ದೇವಿ ಬಾಲ್ಯವಿವಾಹ ತಡೆಯುವ ಸರ್ಕಾರಿ ಕೆಲಸಕ್ಕೆ ಹೋಗಿ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾದಳು. ಆರೋಪಿಗಳು ಆ ಅಪರಾಧದಿಂದ ಖುಲಾಸೆಯಾದರು. ಕಿರುಕುಳ ತಡೆಯಲು ಸುಪ್ರೀಂ ಕೋರ್ಟ್ ಕೊಟ್ಟ 1997ರ ವಿಶಾಖಾ ಮಾರ್ಗಸೂಚಿಗೂ ಈ ಕಾಯ್ದೆಗೂ ಬೇರು ಆ ಹೆಂಗಸಿನ ಹಟದಲ್ಲಿದೆ. ಅದನ್ನು ತಂದು ನೀವು 'ಮುಂದೆ' ಎಂಬ ಗುಂಡಿಯಾಗಿ ಮಾಡಿದ್ದೀರಿ. ನಾಚಿಕೆಯಾಗಬೇಕು.

ಅಂದ ಹಾಗೆ, ಕಳೆದ ವರ್ಷದ ಅಭಿಪ್ರಾಯ ಹಾಳೆಯಲ್ಲಿ 'ಇತರ ಸಲಹೆಗಳು' ಎಂಬಲ್ಲಿ ಯಾರೋ ಒಬ್ಬಳು ಹೆಸರು ಹಾಕದೆ ಬರೆದಿದ್ದಳಂತೆ: 'ನನ್ನ ಹಿಂದೆ ಕೂರುವವರಿಂದ ತೊಂದರೆಯಾಗುತ್ತಿದೆ.' ಕ್ರೋಡೀಕರಿಸಿದ ವರದಿಯಲ್ಲಿ ಅದು ಬಂದದ್ದು 'ಆಸನ ವ್ಯವಸ್ಥೆ' ಎಂಬ ತಲೆಬರಹದಡಿ. ಈ ವರ್ಷ ಕುರ್ಚಿಗಳೆಲ್ಲ ಹೊಸವು.