ಗುಂಡು ನಿರೋಧಕ ಗಾಡಿ ಕೊಟ್ಟರೆ ಸಾಲದು

ಗುಂಡು ನಿರೋಧಕ ಗಾಡಿ, ಕಾವಲು ಜಾಸ್ತಿ ಆದರೆ ಯುದ್ಧದ ಜಾಗಗಳಲ್ಲಿ ನೆರವು ಕಾರ್ಯಕರ್ತರ ಜೀವ ಉಳಿಯುತ್ತದೆ ಅಂತ ಲೇಖನದಲ್ಲಿ ಬರೆದಿದ್ದೀರಿ. ಅದು ಬೇಕು ನಿಜ. ಆದರೆ 2024ರ ಏಪ್ರಿಲ್ 1ರಂದು ಗಾಜಾದಲ್ಲಿ ಏನಾಯ್ತು? ಊಟ ಹಂಚುವ ನೆರವು ಸಂಸ್ಥೆ ವರ್ಲ್ಡ್ ಸೆಂಟ್ರಲ್ ಕಿಚನ್‌ನವರ ಮೂರು ಗಾಡಿಗಳಲ್ಲಿ ಎರಡು ಗುಂಡು ನಿರೋಧಕವೇ. ಗಾಡಿ ಮೇಲೆ ಸಂಸ್ಥೆಯ ಗುರುತು ಇತ್ತು, ಹೋಗುವ ದಾರಿಯನ್ನು ಇಸ್ರೇಲ್ ಸೇನೆಗೆ ಮೊದಲೇ ತಿಳಿಸಿದ್ದರು. ಆದರೂ ಡ್ರೋನ್ ಹೊಡೆಯಿತು. ಒಂದು ಗಾಡಿಗೆ ಬಿದ್ದಾಗ ಬದುಕಿದವರು ಇಳಿದು ಇನ್ನೊಂದಕ್ಕೆ ಹತ್ತಿದರು, ಅದಕ್ಕೂ ಹೊಡೆದರು. ಏಳು ಜನ ಸತ್ತರು. ಆಮೇಲೆ ಸೇನೆ ತಪ್ಪಾಯ್ತು ಅಂದಿತು, ಇಬ್ಬರು ಅಧಿಕಾರಿಗಳನ್ನು ತೆಗೆಯಿತು.

2015ರಲ್ಲಿ ಅಫ್ಘಾನಿಸ್ತಾನದ ಕುಂದುಜ್‌ನಲ್ಲೂ ಇದೇ ಕಥೆ ಅಲ್ವಾ, ವೈದ್ಯರ ನೆರವು ಸಂಸ್ಥೆ ಎಂಎಸ್‌ಎಫ್ ತನ್ನ ಆಸ್ಪತ್ರೆ ಎಲ್ಲಿದೆ ಅಂತ ಅಮೆರಿಕ ಸೇನೆಗೆ ತಿಳಿಸಿದ್ದರೂ ಆ ಸೇನೆಯ ವಿಮಾನ ಅದರ ಮೇಲೆ ದಾಳಿ ಮಾಡಿತು, 42 ಜನ ಸತ್ತರು. ಅಂದರೆ ಮಾಹಿತಿ ಕಚೇರಿಗೆ ತಲುಪಿದರೆ ಸಾಲದು, ಗುಂಡಿ ಒತ್ತುವ ಆ ಒಬ್ಬನಿಗೆ ತಲುಪಬೇಕು. ಹೊಡೆಯುವ ಮೊದಲು ನೆರವು ಸಂಸ್ಥೆಗೆ ಒಂದು ಫೋನ್ ಮಾಡುವ ನಿಯಮ ಇರಬೇಕು. ತನಿಖೆ ಹೊಡೆದ ಸೇನೆಯ ಕೈಯಲ್ಲೇ ಇರಬಾರದು.

ಇನ್ನೊಂದು ಮಾತು. ಸಾಯುವ ನೆರವು ಕಾರ್ಯಕರ್ತರಲ್ಲಿ ಬಹುಪಾಲು ಯುದ್ಧ ನಡೆಯುವ ದೇಶದವರೇ. ಚಾಲಕರು, ದಾದಿಯರು, ಮೂಟೆ ಇಳಿಸುವವರು. ಪರಿಸ್ಥಿತಿ ಕೆಟ್ಟಾಗ ವಿದೇಶಿ ಸಿಬ್ಬಂದಿಯನ್ನು ವಿಮಾನದಲ್ಲಿ ಕರೆದೊಯ್ಯುತ್ತಾರೆ, ಇವರು ಅಲ್ಲೇ ಉಳಿಯುತ್ತಾರೆ, ಸಂಜೆ ನಡೆದುಕೊಂಡು ಮನೆಗೆ ಹೋಗುತ್ತಾರೆ. ಅವರ ವಿಮೆ, ತರಬೇತಿ, ಮನೆಯವರನ್ನು ಸಾಗಿಸುವ ಖರ್ಚು, ಇದೆಲ್ಲ ದಾನಿಗಳು ಕೊಡುವ ಹಣದಲ್ಲೇ ಬೇರೆ ತೆಗೆದಿಡಬೇಕು. ದಯವಿಟ್ಟು ಮುಂದಿನ ಲೇಖನದಲ್ಲಿ ಇವರ ಬಗ್ಗೆ ಬರೆಯಿರಿ.