ನೊಬೆಲ್ ಜಗಳ ಬಿಡಿ, ಯೂಸುಫ್ ಇದ್ರೀಸ್ ಕಥೆ ಓದಿ

ನಿನ್ನೆ ಸಂಜೆ ಒಂದು ಸಾಹಿತ್ಯ ಗೋಷ್ಠಿಗೆ ಹೋಗಿದ್ದೆ. ಅರಬ್ಬಿ ಸಾಹಿತ್ಯದ ಮೇಲೆ ಮಾತು. ಈಜಿಪ್ಟಿನ ಕಥೆಗಾರ ಯೂಸುಫ್ ಇದ್ರೀಸ್ ಹೆಸರು ಬಂದಾಗ ಖುಷಿಯಿಂದ ನೆಟ್ಟಗೆ ಕೂತೆ. ಭಾಷಣಕಾರರು ಹೇಳಿದ್ದು ಇಷ್ಟೇ: "1988ರಲ್ಲಿ ಅದೇ ದೇಶದ ಕಾದಂಬರಿಕಾರ ನಜೀಬ್ ಮಹ್ಫೂಜ್‌ಗೆ ನೊಬೆಲ್ ಬಂದಾಗ ಹೊಟ್ಟೆ ಉರಿದುಕೊಂಡನಲ್ಲ, ಅವನು." ಸಭೆ ನಕ್ಕಿತು. ಅವರು ಮುಂದಿನ ಹೆಸರಿಗೆ ಹೋದರು. ನನಗೆ ಈಗಲೂ ಸಿಟ್ಟು ಇಳಿದಿಲ್ಲ.

ನಾಲ್ಕು ದಶಕ ಬರೆದ ಮನುಷ್ಯ ಇದ್ರೀಸ್. ಸಿಗದ ಒಂದು ಪ್ರಶಸ್ತಿಯಿಂದ ಮಾತ್ರ ನೆನಪಾಗಬೇಕಾ?

ಇದ್ರೀಸ್ ಹುಟ್ಟಿದ್ದು 1927ರಲ್ಲಿ, ನೈಲ್ ಮುಖಜ ಭೂಮಿಯ ಶರ್ಕಿಯ ಪ್ರಾಂತ್ಯದ ಹಳ್ಳಿಯಲ್ಲಿ. ಕೈರೋದಲ್ಲಿ ಓದಿ ಡಾಕ್ಟರಾದರು. ಬಡವರ ಮೈ, ಬಡವರ ಮನೆ ಎರಡನ್ನೂ ಹತ್ತಿರದಿಂದ ಕಂಡವರು. 1954ರಲ್ಲಿ ಮೊದಲ ಕಥಾಸಂಕಲನ 'ಅರ್ಖಸ್ ಲಯಾಲಿ' (ಅತಿ ಅಗ್ಗದ ರಾತ್ರಿಗಳು) ಬಂತು. ಅದೇ ವರ್ಷ ರಾಜಕೀಯ ಕಾರಣಕ್ಕೆ ಜೈಲಿಗೂ ಹೋದರು.

ಆ ಸಂಕಲನಕ್ಕೆ ಹೆಸರು ಕೊಟ್ಟ ಕಥೆ ಕೆಲವೇ ಪುಟ. ಅಬ್ದುಲ್ ಕರೀಂ ರಾತ್ರಿ ನಮಾಜು ಮುಗಿಸಿ ಬರುತ್ತಾನೆ. ಬೀದಿ ತುಂಬಾ ಮಕ್ಕಳು, ಅವರನ್ನು ಬಯ್ಯುತ್ತಾನೆ. ಕಾವಲುಗಾರ ಕೊಟ್ಟ ಗಟ್ಟಿ ಚಹಾ ಕುಡಿದು ನಿದ್ದೆ ಹಾರಿಹೋಗಿದೆ. ಕಾಲ ಕಳೆಯೋಣ ಅಂದರೆ ಜೇಬಿನಲ್ಲಿ ಕಾಸಿಲ್ಲ. ದುಡ್ಡಿಲ್ಲದವನಿಗೆ ರಾತ್ರಿ ಹೋಗಲು ಇರುವುದು ಮನೆಯೊಂದೇ. ಕತ್ತಲಲ್ಲಿ ಮಲಗಿದ ಮಕ್ಕಳನ್ನು ದಾಟಿಕೊಂಡು ಹೆಂಡತಿಯ ಹತ್ತಿರ ಹೋಗುತ್ತಾನೆ. ತಿಂಗಳುಗಳಾದ ಮೇಲೆ ಊರವರು ಮತ್ತೊಂದು ಮಗು ಹುಟ್ಟಿತೆಂದು ಶುಭ ಕೋರುತ್ತಾರೆ. ಎಲ್ಲೂ ಉಪದೇಶವಿಲ್ಲ. ಜನಸಂಖ್ಯೆ, ಬಡತನ ಅಂತ ದೊಡ್ಡ ದೊಡ್ಡ ಪುಸ್ತಕ ಬರೆಯುವವರು ಒಮ್ಮೆ ಇದನ್ನು ಓದಬೇಕು.

ಇನ್ನು 1959ರ ಕಾದಂಬರಿ 'ಅಲ್ ಹರಾಮ್', ಅಂದರೆ ನಿಷಿದ್ಧವಾದದ್ದು, ಪಾಪ. ನನ್ನ ಸಿಟ್ಟಿನ ಬೇರು ಇರುವುದು ಇಲ್ಲೇ. ಜಮೀನುದಾರನ ಎಸ್ಟೇಟಿನಲ್ಲಿ ಒಂದು ಬೆಳಿಗ್ಗೆ ಸತ್ತ ಹಸುಗೂಸು ಸಿಗುತ್ತದೆ. ಊರವರ ಅನುಮಾನವೆಲ್ಲ ಕೂಲಿಗೆ ಬೇರೆ ಕಡೆಯಿಂದ ಬಂದ ಗುಂಪಿನ ಮೇಲೆ. ತಾಯಿ ಅಜೀಜಾ. ಹಾಸಿಗೆ ಹಿಡಿದ ಗಂಡ ಗೆಣಸು ತಿನ್ನಬೇಕು ಅಂದಿದ್ದ. ಅದನ್ನು ಅಗೆಯಲು ಹೊಲಕ್ಕೆ ಹೋದವಳ ಮೇಲೆ ಹೊಲದವನ ಮಗ ಅತ್ಯಾಚಾರ ಮಾಡಿದ್ದ. ಬಸಿರನ್ನು ಮುಚ್ಚಿಟ್ಟುಕೊಂಡೇ ಕೂಲಿ ಮಾಡಿದಳು. ಕೂಗಬಾರದೆಂದು ಕಡ್ಡಿ ಕಚ್ಚಿಕೊಂಡು ಒಬ್ಬಳೇ ಹೆತ್ತಳು. ಬಾಣಂತಿ ಜ್ವರದಲ್ಲೇ ಸತ್ತಳು.

ನಾನು ಮಂಡ್ಯದ ಕಡೆಯವನು. ಕಬ್ಬು ಕಡಿಯಲು ಬಳ್ಳಾರಿ ಕಡೆಯಿಂದ ಬಂದವರು ನಾಲೆ ಆಚೆ ಗುಡಿಸಲು ಹಾಕಿಕೊಂಡು ಇರುತ್ತಿದ್ದರು. ಊರಲ್ಲಿ ಕೋಳಿ ಕಳೆದರೂ ಮೊದಲು ಅವರ ಗುಡಿಸಲು ತಡಕುವುದು. ಅವರ ಮಕ್ಕಳ ಜೊತೆ ಆಡಬೇಡ ಅಂತ ನನಗೂ ಮನೆಯಲ್ಲಿ ಹೇಳಿದ್ದುಂಟು. ಅಜೀಜಾಳ ಕಥೆ ಓದಿದ ರಾತ್ರಿ ಆ ಮಕ್ಕಳ ಮುಖಗಳು ಒಂದೊಂದಾಗಿ ನೆನಪಾದವು. ತುಂಬಾ ಹೊತ್ತು ಅತ್ತೆ. ಆ ಪುಸ್ತಕ ಬರೆದವರ ಹೆಸರಿಗೆ ಸಭೆ ನಕ್ಕರೆ ನಾನು ಸುಮ್ನೆ ಇರಲಾರೆ.

"ನೊಬೆಲ್ ನನಗೇ ಬರಬೇಕಿತ್ತು ಅಂತ ಅವರೇ ಹೇಳಿಕೊಂಡರಲ್ಲ" ಅಂತ ಕೆಲವರು ಕೇಳಬಹುದು. ಹೌದು, ಹೇಳಿಕೊಂಡರು. ನೋವಾಗಿತ್ತು, ಬಾಯಿಬಿಟ್ಟು ಹೇಳಿದರು. ಅದರಿಂದ ಅಜೀಜಾಳ ಕಥೆಯ ಒಂದು ಸಾಲಾದರೂ ಕೆಟ್ಟಿತಾ? ಬೇರೂತ್‌ನ 'ಹಿವಾರ್' ಪತ್ರಿಕೆ 1960ರ ದಶಕದಲ್ಲಿ ಕೊಟ್ಟ ಪ್ರಶಸ್ತಿಯನ್ನು ಬೇಡ ಅಂದವರೂ ಇವರೇ. ಆ ಪತ್ರಿಕೆಯ ಹಿಂದೆ ವಿದೇಶಿ ಹಣ ಇತ್ತು. ಅದನ್ನು ಯಾವ ವೇದಿಕೆಯಲ್ಲೂ ಯಾರೂ ಹೇಳುವುದಿಲ್ಲ.

ನಾಟಕದ ಮಾತಂತೂ ನಿನ್ನೆ ಬರಲೇ ಇಲ್ಲ. ಈಜಿಪ್ಟಿನ ರಂಗಭೂಮಿ ಯುರೋಪಿನ ನೆರಳಲ್ಲೇ ಯಾಕಿರಬೇಕು, ಹಳ್ಳಿಯಲ್ಲಿ ಜನ ರಾತ್ರಿ ಸುತ್ತ ಕೂತು ಹಾಡಿ ಆಡುವ 'ಸಾಮಿರ್'ನಿಂದಲೇ ಅದು ಬೆಳೆಯಲಿ ಅಂತ ವಾದಿಸಿದವರು ಇದ್ರೀಸ್. ವಾದಿಸಿ ಸುಮ್ಮನಾಗಲಿಲ್ಲ. 1964ರಲ್ಲಿ 'ಅಲ್ ಫರಾಫೀರ್' ಬರೆದು ತೋರಿಸಿದರು. ಒಬ್ಬ ಯಜಮಾನ, ಒಬ್ಬ ಆಳು ಫರ್ಫೂರ್. ನೀನು ಯಾಕೆ ಯಜಮಾನ, ನಾನು ಯಾಕೆ ಆಳು? ಫರ್ಫೂರನ ಪ್ರಶ್ನೆ ಇದೇ. ಇಬ್ಬರೂ ಪಾತ್ರ ಅದಲುಬದಲು ಮಾಡಿ ನೋಡುತ್ತಾರೆ. ಬೇರೆ ಬೇರೆ ವ್ಯವಸ್ಥೆ ಕಟ್ಟಿ ನೋಡುತ್ತಾರೆ. ಯಾವುದೂ ಸರಿಹೋಗುವುದಿಲ್ಲ. ಕೊನೆಗೆ ಸತ್ತರೂ ಬಿಡುಗಡೆ ಇಲ್ಲ. ಪರಮಾಣುಗಳಾದ ಮೇಲೂ ಹಗುರವಾದ ಫರ್ಫೂರನೇ ಯಜಮಾನನ ಸುತ್ತ ಸುತ್ತಬೇಕು. ಅಧ್ಯಕ್ಷ ನಾಸೆರ್ ಕಾಲದ ಕೈರೋದಲ್ಲಿ, ಸಮಾಜವಾದ ಬಂದೇಬಿಟ್ಟಿತು ಅಂತ ಎಲ್ಲರೂ ಹೇಳುತ್ತಿದ್ದಾಗ, ರಾಷ್ಟ್ರೀಯ ರಂಗಮಂದಿರದಲ್ಲೇ ಇದನ್ನು ಆಡಿಸಿದರು. ಎಂಥ ಧೈರ್ಯ ಅಲ್ವಾ?

ನಿನ್ನೆ ಮಾತಾಡಿದವರು ನನ್ನ ಲಿಸ್ಟಿನಲ್ಲೇ ಇದ್ದಾರೆ, ಇದನ್ನು ಓದುತ್ತಾರೆ. ಸರ್, ಮುಂದಿನ ಸಲ ಇದ್ರೀಸ್ ಹೆಸರು ತೆಗೆದಾಗ ನೊಬೆಲ್ ವಿಷಯ ಬೇಕಾದರೆ ಹೇಳಿ. ಅದಕ್ಕೂ ಮುಂಚೆ ಅಬ್ದುಲ್ ಕರೀಂನ ಕಥೆ ಪೂರ್ತಿ ಓದಿ ಹೇಳಿ. ಹತ್ತು ನಿಮಿಷವೂ ಹಿಡಿಯುವುದಿಲ್ಲ. ಪುಸ್ತಕ ನಾನೇ ತಂದುಕೊಡುತ್ತೇನೆ.